ಧಣಿಗಳ ಕಾರಿಗೆ ನಾನು ವಿಮೆ ಮಾಡಿಸಿದ್ದು

ಮುಂಬೈಯಲ್ಲಿ ನನಗೆ ಇಂಥವು ಆಗುತ್ತಲೇ ಇರುತ್ತವೆ, ಯಾಕೆಂದು ನನಗೂ ಕುತೂಹಲ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ನಾನು ಸಾಂಬಾರಿಗೆ ಒಗ್ಗರಣೆ ಹಾಕಿದರೆ ಸ್ಟೇಶನ್ನಿನಿಂದ ಲೋಕಲ್ ಹೊರಡುತ್ತಿರಲಿಲ್ಲ. ಮೋಟರ್‌ಮ್ಯಾನ್ ಇಳಿದು ಬಂದು ಇಡ್ಲಿ ತಿಂದೇ ಹತ್ತುತ್ತಿದ್ದ. ಹೋಟೆಲ್ ಮುಚ್ಚಿದ ದಿನ ಧಣಿಗಳು ಕಣ್ಣೊರೆಸಿಕೊಂಡು, "ಈ ಕೈ ಸೌಟು ಹಿಡಿದದ್ದು ಸಾಕು, ಇನ್ನು ಸ್ಟೇರಿಂಗ್ ಹಿಡಿ" ಅಂತ ತಮ್ಮ ಕಾರಿನ ಕೀಲಿ ನನ್ನ ಅಂಗೈಗಿಟ್ಟರು. ಸುಳ್ಳೆನ್ನಲು ಈಗ ಯಾರೂ ಇಲ್ಲ. ಧಣಿಗಳು ತೀರಿಕೊಂಡರು, ಅಡುಗೆಯವರು ಊರು ಸೇರಿದರು, ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ.

ಹೆಸರು ಯಾರದ್ದು

ಮೊನ್ನೆ ನಮ್ಮ ಗೋರೆಗಾಂವ್ ಬಿಲ್ಡಿಂಗಿನ ಸೆಕ್ರೆಟರಿ ಹೊಸ ಕಾನೂನು ತಂದ. ವಿಮೆ ಇಲ್ಲದ ಗಾಡಿ ಭಾನುವಾರದಿಂದ ಕಂಪೌಂಡಿನ ಹೊರಗೆ! ನನ್ನ ಹೆಂಡತಿಯ ಮೊಣಕಾಲು ಲೋಕಲ್ ಹತ್ತುವುದಿಲ್ಲ. ಪರೇಲಿನ ಆಸ್ಪತ್ರೆಗೆ ಆ ಕಾರೇ ಗತಿ. ವಿಮೆ ಏಜೆಂಟನನ್ನು ಕರೆಸಿದೆ. ಕಾರ್ಕಳ ಕಡೆಯ ಹುಡುಗ.

"ಅಜ್ಜಾ, ಆರ್‌ಸಿಯಲ್ಲಿ ಧಣಿಗಳ ಹೆಸರುಂಟು. ನಿಮ್ಮದಿಲ್ಲ."

"ಅದಕ್ಕೇನೀಗ? ನಾನಿದ್ದ ಚಾಳಿನ ಖೋಲಿ ಒಬ್ಬನ ಹೆಸರಲ್ಲಿ, ಗ್ಯಾಸ್ ಇನ್ನೊಬ್ಬನ ಹೆಸರಲ್ಲಿ. ಅನ್ನ ಬೇಯಲಿಲ್ಲವಾ?"

"ಗ್ಯಾಸು ಹೋಗಿ ಯಾರಿಗೂ ಗುದ್ದುವುದಿಲ್ಲ ಅಜ್ಜಾ. ಕಾರು ನಜ್ಜುಗುಜ್ಜಾದರೆ ಕಂಪನಿ ದುಡ್ಡು ಕೊಡುವುದು ಧಣಿಗಳಿಗೆ."

"ಅವರು ಸತ್ತಿದ್ದಾರಲ್ಲ ಮಾರಾಯ."

"ಹಾಗಾದರೆ ಅಲ್ಲಿಗೇ ಹೋಗಿ ಇಸ್ಕೊಳ್ಳಿ. ಜೋರಾಗಿ ಗುದ್ದಿದ್ದರೆ ದಾರಿಯೂ ಹತ್ತಿರ."

ಮಾಲೀಕರು ಹಿಂದಿನ ಸೀಟಿನಲ್ಲಿ

"ಪೊಲೀಸರು ಒಮ್ಮೆಯೂ ಹಿಡಿಯಲಿಲ್ಲವಾ?" ಅಂತ ಏಜೆಂಟ್ ಕೇಳಿದ. ಹಿಡಿದಿದ್ದರು, ಧಣಿಗಳು ಮಾಡಿಸಿದ್ದ ವಿಮೆ ಇನ್ನೂ ಚಾಲ್ತಿಯಲ್ಲಿದ್ದಾಗ. ಹವಾಲ್ದಾರ ಕಾಗದ ನೋಡಿ, "ಮಾಲಕ್ ಕುಠೇ? ಮಾಲೀಕರೆಲ್ಲಿ?" ಅಂದ. ನಾನು ಠೀವಿಯಿಂದ ಹಿಂದಿನ ಸೀಟಿಗೆ ಬೆರಳು ತೋರಿಸಿದೆ. ಅಲ್ಲಿ ಇವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

"ನೀವು ಈ ಗಾಡಿಯ ಮಾಲಕೀಣಾ?"

"ಗಾಡಿಯದ್ದು ನನಗೆ ಗೊತ್ತಿಲ್ಲಪ್ಪ," ಅಂದಳು ಇವಳು, "ಡ್ರೈವರನದ್ದು ಮಾತ್ರ ಹೌದು."

ಹವಾಲ್ದಾರ ಸಲ್ಯೂಟ್ ಹೊಡೆದು ಬಿಟ್ಟ. ನನಗಲ್ಲ, ಅವಳಿಗೆ.

ಕೀಲಿ ಕೊಟ್ಟ ಕಥೆ

ಕೊನೆಗೆ ಏಜೆಂಟ್ ದಾರಿ ಹೇಳಿದ. ಮೊದಲು ಧಣಿಗಳ ವಾರಸುದಾರರು ಸಹಿ ಹಾಕಬೇಕು, ಕಾರು ನನ್ನ ಹೆಸರಿಗಾಗಬೇಕು, ಆಮೇಲೆ ವಿಮೆ. ಸಹಿ ಒಂದು ಸಿಕ್ಕಿದರೆ ಅಲ್ಲಿಯವರೆಗೆ ಸೆಕ್ರೆಟರಿಯನ್ನು ತಾನು ಸುಧಾರಿಸುತ್ತೇನೆ ಅಂದ.

ಧಣಿಗಳಿಗೆ ಇದ್ದದ್ದು ಒಬ್ಬಳೇ ಮಗಳು, ಇಲ್ಲೇ ಮುಂಬೈಯಲ್ಲಿ. ಶನಿವಾರ ಬಂದಳು, ಕಾಗದ ಹಿಡಿದು ಏಜೆಂಟನೂ ಬಂದ. ಚಹಾ ಕುಡಿದಳು. ಪೆನ್ನು ಹಿಡಿದುಕೊಂಡು, "ಮಾಮಾ, ಪಪ್ಪಾ ನಿಮಗೆ ಕಾರ್ ಕೊಟ್ಟಿದ್ದು ಹೇಗೆ? ಬತಾವೋ ನಾ," ಅಂದಳು.

ಕೇಳಿದ ಮೇಲೆ ಬಿಡುತ್ತೇನೆಯೇ? ಈ ಸಲ ಮೋಟರ್‌ಮ್ಯಾನ್ ಜೊತೆ ಗಾರ್ಡನ್ನೂ ಇಳಿಸಿದೆ. ಫಸ್ಟ್ ಕ್ಲಾಸ್ ಡಬ್ಬಿಯನ್ನೇ ಖಾಲಿ ಮಾಡಿಸಿದೆ. ಧಣಿಗಳು ಕಣ್ಣೊರೆಸಿಕೊಂಡಾಗ ನನ್ನ ಕಣ್ಣಲ್ಲೂ ನೀರು ಬಂತು.

ಹುಡುಗಿ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು. ಇವಳ ಮೊಣಕಾಲಿನ ಪಟ್ಟಿಯನ್ನು ಒಮ್ಮೆ ನೋಡಿದಳು. ಸಹಿ ಹಾಕಿದಳು. ಪೆನ್ನಿಗೆ ಮುಚ್ಚಳ ಹಾಕಿ ಮೆಲ್ಲಗೆ ಹೇಳಿದಳು:

"ಪಪ್ಪಾ ಬೇರೆ ಥರಾ ಹೇಳ್ತಿದ್ರು, ಮಾಮಾ. ಆ ದಿನ ನಿಮಗೆ ಕೀಲಿ ಕೊಟ್ಟಿದ್ದು ಕಾರ್ ತೊಳೆದು ತರೋಕೆ ಅಂತೆ."

ಏಜೆಂಟ್ ನನ್ನ ಮುಖ ನೋಡಿದ. ಇವಳು ಫ್ಯಾನು ನೋಡಿದಳು. ನಾನು ಭುಜ ಹಾರಿಸಿದೆ.

"ತೊಳೀತಾನೇ ಇದ್ದೇನಲ್ಲ ಮಗಾ. ಮುಂಬೈ ಧೂಳು, ಅಷ್ಟು ಬೇಗ ಹೋಗ್ತದಾ?"