ಬಗ್ಗುವ ಬಿದಿರು, ಬಗ್ಗದ ಮಾವ

ಬಿದಿರು ಹಿಡಿದು ಹೋಗುವವನನ್ನು ನಮ್ಮ ಕಡೆ ಯಾರೂ ಸುಮ್ಮನೆ ಹೋಗಲು ಬಿಡುವುದಿಲ್ಲ. ಎಲ್ಲಿಗೆ, ಯಾಕೆ, ಯಾರಿಗೆ ಎಂದು ಕೇಳಿಯೇ ಕೇಳುತ್ತಾರೆ. ಗಾಳದ ಕೋಲು ಮಾಡುವುದಕ್ಕೆ ಎಂದರೆ ನಂಬುವುದಿಲ್ಲ. ಹಾಗಾಗಿ ನನಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ನಾನು ಹೊಳೆನರಸೀಪುರದವನು. ಹಾಸನದಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತೇನೆ. ಒಮ್ಮೆ ಪರಿಚಯದವರೊಬ್ಬರು ತಾತನ ಕಾಲದ ಗಾಳದ ಕೋಲೊಂದನ್ನು ತಂದು, ಅದರ ಹಿತ್ತಾಳೆ ಕೀಲು ಸಡಿಲವಾಗಿದೆ, ಸರಿ ಮಾಡಿಕೊಡಿ ಎಂದರು. ಬಿದಿರನ್ನು ಸೀಳಿ, ಆರು ದಬ್ಬೆಗಳನ್ನು ಮೂರು ಮೂಲೆ ಬರುವಂತೆ ಹೆರೆದು, ಒಂದಕ್ಕೊಂದು ಅಂಟಿಸಿದ ಕೋಲು. ಬುಡದಲ್ಲಿ ಕಿರುಬೆರಳಿನ ದಪ್ಪ, ತುದಿಯಲ್ಲಿ ಬೆಂಕಿಕಡ್ಡಿಯಷ್ಟು. ಆ ಇಳಿತಕ್ಕೆ ನಮ್ಮ ಕಸುಬಿನಲ್ಲಿ ಟೇಪರ್ ಅನ್ನುತ್ತೇವೆ. ಕೋಲು ಎಲ್ಲಿ ಬಗ್ಗಬೇಕು, ಎಲ್ಲಿ ಬಿಗಿಯಾಗಿ ನಿಲ್ಲಬೇಕು ಎಂಬುದೆಲ್ಲ ಅದರ ಮೇಲಿದೆ. ಒಂದು ಸಲ ಬೀಸಿ ನೋಡಿದೆ. ಕೋಲು ಬಳುಕಿ ಮತ್ತೆ ನೆಟ್ಟಗಾಯಿತು. ನನ್ನ ತಲೆ ಮಾತ್ರ ಇವತ್ತಿನವರೆಗೂ ನೆಟ್ಟಗಾಗಿಲ್ಲ. ಇಂಥದ್ದನ್ನು ನನ್ನ ಕೈಯಾರೆ ಮಾಡಿ ಮೀನು ಹಿಡಿದೇ ತೀರುತ್ತೇನೆ ಎಂದು ಹಟ ತೊಟ್ಟೆ.

ಹಸಿ ಬಿದಿರು

ಚನ್ನರಾಯಪಟ್ಟಣದಲ್ಲಿ ಗಂಟು ದೂರ ದೂರ ಇರುವ ಎರಡು ಬಿದಿರನ್ನು ಆರಿಸಿ, ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದು ಮನೆ ಮುಂದೆ ಇಳಿಸಿದೆ. ಆಗ ದಂಡಿಗನಹಳ್ಳಿಯ ನಮ್ಮ ಮಾವನವರು ಕೆಮ್ಮಿಗೆ ಔಷಧಿ ತೆಗೆದುಕೊಳ್ಳಲು ಬಂದು ನಮ್ಮಲ್ಲೇ ಉಳಿದಿದ್ದರು. ಅವರ ಕೆಮ್ಮು ಇಡೀ ಬೀದಿಗೆ ಕೇಳುತ್ತಿತ್ತು. ಅವತ್ತು ಔಷಧಿ ಹಿಡಿದು ಬೆಳಗ್ಗೆಯಿಂದ ಕೆಮ್ಮು ನಿಂತಿತ್ತು.

ಕೆಮ್ಮು ನಿಂತಿದೆ, ಎರಡು ಹಸಿ ಬಿದಿರು ಬಂದಿದೆ. ಬೀದಿಯವರಿಗೆ ಅಷ್ಟು ಸಾಕಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಹಾರ ಹಿಡಿದು ಬಂದು, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾ, "ಯಾವಾಗ ಓದ್ರು?" ಎಂದು ಕೇಳಿದರು.

ಒಳಗಿನಿಂದ ಕಾಫಿ ಲೋಟ ಹಿಡಿದು ಬಂದ ಮಾವನವರು, "ಯಾರು?" ಎಂದರು.

ಹಾರ ತಂದವರು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹಿಮ್ಮುಖವಾಗಿಯೇ ಮೆಟ್ಟಿಲಿಳಿದರು. ಮಾವನವರ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. "ಅಳಿಯಂದ್ರೆ, ಈ ಬಿದ್ರಲ್ಲಿ ಒಂದು ಮೀನಿಡ್ದು ತೋರ್ಸಿ. ಇಲ್ಲಾಂದ್ರೆ ಎಲ್ಲಾನೂವೆ ತಕ್ಕೊಂಡೋಗಿ ನನ್ನ ಈರೆಬಳ್ಳಿಗೆ ಚಪ್ಪರ ಆಕುಸ್ತೀನಿ. ಆಮ್ಯಾಲೆ ಈ ಮನೇಲಿ ಬಿದ್ರು ಮಾತು ಎತ್ತಂಗಿಲ್ಲ," ಎಂದರು. ಅಪ್ಪ ಹೇಳೋದು ಸರಿಯಾಗಿದೆ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಬದುಕಿರುವ ಮನುಷ್ಯ ಬದುಕಿದ್ದಕ್ಕೆ ನಾನು ದಂಡ ಕಟ್ಟಬೇಕಾಗಿ ಬಂತು.

ಬ್ಯಾರನ್ನಿನ ಬೇಗೆ

ಬಿದಿರಿಗೆ ಗಡಸುತನ ಸುಮ್ಮನೆ ಬರುವುದಿಲ್ಲ. ಹಸಿಯಾಗಿದ್ದರೆ ಬಗ್ಗಿಸಿದ ಕಡೆಗೇ ಬಗ್ಗಿ ನಿಲ್ಲುತ್ತದೆ. ಒಳಗಿನ ನೀರಿನಂಶ ಹೋಗುವ ಹಾಗೆ ಹದವಾಗಿ ಕಾಯಿಸಬೇಕು. ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ಗೆಳೆಯನೊಬ್ಬನಿದ್ದಾನೆ. ಸೊಪ್ಪು ಹದ ಮಾಡುವ ಅವನ ಬ್ಯಾರನ್ನಿಗಿಂತ ಒಳ್ಳೆಯ ಒಲೆ ನನಗೆಲ್ಲಿ ಸಿಗಬೇಕು? ದಬ್ಬೆಗಳನ್ನು ಸೀಳಿ ತಂದು, ಒಳಗೆ ಒಂದು ಮೂಲೆಯಲ್ಲಿಡಲು ಅವನಿಗೆ ಹೇಳಿ, ಬ್ಯಾರನ್ ಬಾಗಿಲಲ್ಲಿಟ್ಟು ಬಂದೆ.

ಅವನು ಮರೆತ. ಸೊಪ್ಪು ಕಟ್ಟುವ ಹೆಂಗಸರು ಬಂದು ನೋಡಿದಾಗ ಉದ್ದ ಸರಿಯಾಗಿರುವ, ನೆಟ್ಟಗಿರುವ ಕಡ್ಡಿಗಳು ಎದುರಿಗೇ ಇವೆ. ಹಸಿ ಸೊಪ್ಪನ್ನೆಲ್ಲ ಅವಕ್ಕೇ ಪೋಣಿಸಿ ಒಳಗೆ ತೂಗುಹಾಕಿಬಿಟ್ಟರು. ಗೆಳೆಯ ಫೋನು ಮಾಡುವಷ್ಟರಲ್ಲಿ ಬೆಂಕಿ ಹಾಕಿಯಾಗಿತ್ತು. ಸೊಪ್ಪು ಹದವಾಗುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ನಾನು ದಿನ ಎಣಿಸುತ್ತಾ ಕೂತೆ.

ಬಾಗಿಲು ತೆಗೆದಾಗ ಹಲವು ದಬ್ಬೆಗಳು ಸೊಪ್ಪಿನ ಭಾರಕ್ಕೆ ಬಿಲ್ಲಾಗಿದ್ದವು. ಆದರೆ ಅಷ್ಟು ಭಾರ ಹೊತ್ತೂ ಬಗ್ಗದೆ ನಿಂತವು ನನಗೆ ಬೇಕಾದಷ್ಟಿದ್ದವು, ಜೇನಿನ ಬಣ್ಣಕ್ಕೆ ತಿರುಗಿದ್ದವು. ಯಾವ ಮೆಷಿನ್ನೂ ಇಷ್ಟು ಚೆನ್ನಾಗಿ ಗಡಸು ಪರೀಕ್ಷೆ ಮಾಡುತ್ತಿರಲಿಲ್ಲ. ಸೊಪ್ಪು ಕಟ್ಟುವವರಿಗೂ ಸಂತೋಷವಾಗಿತ್ತು. ಅವರಲ್ಲೊಬ್ಬಾಕೆ ಹೇಳಿದಳು: "ನಿಮ್ ಕಡ್ಡಿ ಬಾಳ ಅಗೂರ ಸಾ. ಮುಂದುಲ್ ಸೊಪ್ಪಿಗೂ ಒಸಿ ಸೀಳ್ಕೊಡಿ."

ದೇವರ ಮೀನು

ಹೆರೆದೆ, ವರ್ನಿಯರ್ ಹಿಡಿದು ಅಳೆದೆ, ಅಂಟಿಸಿದೆ, ಹೆಂಡತಿಯ ಹೊಲಿಗೆ ಡಬ್ಬಿಯ ರೇಷ್ಮೆ ದಾರ ಸುತ್ತಿದೆ. ಕೋಲು ತಯಾರಾಯಿತು. ಅದೇ ವಾರ ನಾನೂ ಹೆಂಡತಿಯೂ ರಾಮನಾಥಪುರದ ದೇವಸ್ಥಾನಕ್ಕೆ ಹೋದೆವು. ಕೋಲನ್ನು ಮನೆಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ.

ಅಲ್ಲಿ ಹೊಳೆಯ ಮೀನು ದೇವರ ಮೀನು. ಜನ ಪುರಿ ಹಾಕಿ ಕೈಮುಗಿಯುತ್ತಾರೆ, ಹಿಡಿಯುವ ಮಾತೇ ಇಲ್ಲ. ನನಗೂ ಹಿಡಿಯುವ ಉದ್ದೇಶವಿರಲಿಲ್ಲ. ಮೆಟ್ಟಿಲ ಹತ್ತಿರ ಬಯಲಿತ್ತು, ದಾರ ಸಿಕ್ಕಿಕೊಳ್ಳಲು ಮರವಿರಲಿಲ್ಲ. ದಾರದ ತುದಿಗೆ ಒಂಚೂರು ಹತ್ತಿ ಕಟ್ಟಿ, ಬೀಸುವುದನ್ನು ಅಭ್ಯಾಸ ಮಾಡೋಣವೆಂದು ನಿಂತೆ. ನಿಮಿಷದಲ್ಲಿ ಜನ ಸುತ್ತುವರಿದರು. ಸ್ವಾಮಿಯ ಮೀನಿಗೇ ಗಾಳ ಹಾಕುತ್ತೀಯಾ ಎಂದು ಒಬ್ಬರು ಕೋಲಿಗೇ ಕೈ ಹಾಕಿದರು. ನಾನು ದಾರ ಎಳೆದು, ಗಾಳವೇ ಇಲ್ಲ, ಬರೀ ಹತ್ತಿ ಎಂದು ತೋರಿಸಿದೆ.

ಜನರ ಸಿಟ್ಟು ಇಳಿಯಿತು, ಕನಿಕರ ಏರಿತು. ಒಬ್ಬ ಅಜ್ಜಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಎಷ್ಟು ದಿನದಿಂದ ಇಂಗವ್ರೆ ಕಣವ್ವಾ?" ಎಂದು ಕೇಳಿದರು.

ನನ್ನವಳು ನಿಟ್ಟುಸಿರು ಬಿಟ್ಟು, "ಬಿದ್ರು ಬಂದಾಗ್ಲಿಂದ," ಎಂದಳು. ಅಜ್ಜಿ ತಮ್ಮ ಪ್ರಸಾದವನ್ನೂ ನನಗೇ ತಿನ್ನಿಸಿ ಕಳಿಸಿದರು.

ಹೊಳೆದಂಡೆ

ಕೊನೆಗೆ ಪಂದ್ಯದ ದಿನ ಬಂತು. ನಮ್ಮೂರ ಹೇಮಾವತಿ ದಂಡೆಗೆ ಮಾವನವರು ಸಾಕ್ಷಿಯಾಗಿ ಬಂದರು, ಹೆಂಡತಿ ಚಾಪೆ ಹಾಸಿ ಕೂತಳು. ಎರೆಹುಳ ಇಲ್ಲ, ಹಿಟ್ಟಿಲ್ಲ. ಗಾಳಕ್ಕೆ ಕೋಳಿಪುಕ್ಕ ಸುತ್ತಿ ಹುಳುವಿನ ವೇಷ ಹಾಕಿದ್ದೆ. ಪುಕ್ಕ ತಿನ್ನೋಕೆ ಮೀನೇನು ದಡ್ಡನಾ ಎಂದು ಮಾವ ನಗಾಡಿದರು. ಬಿಸಿಲೇರಿತು, ಭುಜ ಬಿದ್ದುಹೋಯಿತು. ಸೋತು ಮನೆಗೆ ಹೋಗಬಾರದು ಎಂದು ಹಲ್ಲು ಕಚ್ಚಿ ಬೀಸುತ್ತಲೇ ಇದ್ದೆ.

ಆಗ ದಾರ ಜಗ್ಗಿತು. ಕೋಲು ತುದಿಯಿಂದ ಶುರುವಾಗಿ ನಡುವಿನವರೆಗೆ, ನಾನು ಹೆರೆದ ಅಳತೆಗೆ ಸರಿಯಾಗಿ, ಎಲ್ಲೂ ಕೊಂಕಿಲ್ಲದೆ ಬಾಗಿತು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. "ಬಗ್ಗೋದು ನೋಡೇ, ಬಗ್ಗೋದು ನೋಡು," ಎನ್ನುತ್ತಾ ಕೋಲನ್ನೇ ನೋಡುತ್ತಾ ನಿಂತುಬಿಟ್ಟೆ. ಮೀನು ದಂಡೆಯ ಹತ್ತಿರ ಬಂದು ಗಾಳ ಕಳಚಿಕೊಂಡಿದ್ದು ನನಗೆ ತಿಳಿಯಲೇ ಇಲ್ಲ. ಹೆಂಡತಿಗೆ ತಿಳಿಯಿತು. ಮೊಣಕಾಲುದ್ದ ನೀರಿಗೆ ಇಳಿದು, ಸೆರಗಿನಲ್ಲಿ ಬಾಚಿ ಮೀನನ್ನು ದಡಕ್ಕೆ ತಂದಳು.

ಗೆದ್ದವರು ಯಾರು? ಕೋಲು ಮೀನನ್ನು ತಂದಿದೆ ಎಂದು ನಾನು ವಾದಿಸಿದೆ. ಮಾವನವರು ಕೋಲನ್ನು ಕೈಗೆ ತೆಗೆದುಕೊಂಡು ಒಮ್ಮೆ ಬೀಸಿದರು, ಇನ್ನೊಮ್ಮೆ ಬೀಸಿದರು. ಮುಖವೇ ಅರಳಿಹೋಯಿತು. ತುದಿ ಬಹಳ ಮೆತ್ತಗಾಯಿತು, ಇನ್ನೊಂಚೂರು ಗಡಸಿದ್ದರೆ ತಾನು ಸೀರೆ ನೆನೆಸಿಕೊಳ್ಳಬೇಕಿರಲಿಲ್ಲ ಎಂದು ಮಗಳು ಹೇಳಿದಳು. ತುದಿ ಸರಿಯಾಗಿದೆ, ಬುಡದ ದಪ್ಪ ಒಂದು ನೂಲಿನಷ್ಟು ಇಳಿಸಬೇಕು ಎಂದು ಅಪ್ಪ ಹೇಳಿದರು. ಹತ್ತಿರ ಹತ್ತಿರ ಜಗಳವೇ ಆಯಿತು.

ವರ್ಷದಿಂದ ಈ ಟೇಪರಿಗಾಗಿ ಬೈಸಿಕೊಂಡವನು ನಾನು. ಮಧ್ಯದ ಇಳಿತ ಯಾಕೆ ಹಾಗಿದೆ ಅಂದರೆ ಎಂದು ಬಾಯಿ ತೆರೆದೆ. ಮಾವನವರು ಕೈಯೆತ್ತಿ ತಡೆದರು.

"ನೀವೊಸಿ ಸುಮ್ಕಿರಿ ಅಳಿಯಂದ್ರೆ. ಮೀನಿಡಿಯೋರು ಮಾತಾಡ್ತಾವ್ರೆ."