ಸೈಕಲ್ ಟ್ಯೂಬಿನ ಹೃದಯ

ಗಣಿತ ಕಲಿಸುವವನಿಗೆ ಕಾಯಿಲೆ ಬರಬಾರದು. ಬಂದರೂ ಅಳತೆಗೆ ಸಿಗದಂಥದ್ದು ಬರಬೇಕು. ಇಲ್ಲವಾದರೆ ಅವನು ಔಷಧ ಬಿಟ್ಟು ಸಮೀಕರಣ ಹುಡುಕುತ್ತಾನೆ. ಅನುಭವದ ಮಾತು ಇದು.

ಕರ್ನಾಟಕ ಏಕೀಕರಣವಾದ ಮರುವರ್ಷ ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುತ್ತಿದ್ದೆ. ದಿನಾ ಬೆಳಿಗ್ಗೆ ಬಾವಿಯಿಂದ ನಾಲ್ಕು ಕೊಡ ನೀರು ತರುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಒಂದು ದಿನ ಏರು ಹತ್ತುವಾಗ ಎದೆ ಡವಡವ ಹೊಡೆದುಕೊಂಡಿತು. ದವಾಖಾನೆಗೆ ಓಡಿದೆ. ಅಲ್ಲ, ಓಡಲು ಹೆದರಿ ನಿಧಾನ ನಡೆದೆ. ಡಾಕ್ಟರರು ಎದೆಗೆ ನಳಿಗೆ ಹಚ್ಚಿ, "ಏನೂ ಆಗಿಲ್ರಿ ಮಾಸ್ತರ್ರ. ಹೃದಯ ಅಂದ್ರ ಒಂದು ಸ್ನಾಯು. ರಕ್ತ ತುಂಬಿದಾಗ ಹಿಗ್ಗತೈತಿ, ಆಮ್ಯಾಲ ಕುಗ್ಗತೈತಿ, ಅಷ್ಟ" ಎಂದರು. ಅಷ್ಟೇ ಸಾಕಾಯಿತು ನನಗೆ. ಹಿಗ್ಗುವುದು, ಕುಗ್ಗುವುದು ಎಂದರೆ ಗಣಿತವಲ್ಲವೆ?

ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಮಾಬುಸಾಬರಿಂದ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ತಂದು ತೊಲೆಗೆ ಕಟ್ಟಿದೆ. ಅದು ನನ್ನ ಹೃದಯ. ತುದಿಗೆ ಐದು ಸೇರಿನ ತೂಕದ ಕಲ್ಲು ತೂಗುಹಾಕಿದೆ. ಅದು ರಕ್ತ. ದಿನಾ ಅಳೆದು ಗ್ರಾಫ್ ಬರೆದೆ. ಕಲ್ಲು ತೆಗೆದರೂ ಪಟ್ಟಿ ಮೊದಲಿನ ಅಳತೆಗೆ ಬರಲೊಲ್ಲದು, ದಿನಕ್ಕೊಂದು ಕೂದಲೆಳೆಯಷ್ಟು ಜೋತು ಬೀಳುತ್ತಿತ್ತು. ನನ್ನ ಸೂತ್ರದ ಪ್ರಕಾರ ಎರಡು ವರ್ಷಗಳಲ್ಲಿ ಹೃದಯ ಹೊಕ್ಕಳಿಗೆ ಬರಬೇಕು! ಜೀವಭಯ ಹತ್ತಿತು. ಶಾಲೆಯೊಂದನ್ನು ಬಿಟ್ಟು ಉಳಿದ ಹೊತ್ತೆಲ್ಲ ಮಂಚ ಹಿಡಿದೆ. ನನ್ನ ನಾಲ್ಕು ಕೊಡ ಹೆಂಡತಿ ನೀಲವ್ವನ ನಾಲ್ಕಕ್ಕೆ ಸೇರಿ ಎಂಟಾದವು. "ಟ್ಯೂಬ್ ಜೋತುಬಿದ್ರ ನೀವ್ಯಾಕ ಮಲಗೀರಿ?" ಎಂದಳು. ಗಣಿತ ತಿಳಿಯದವರ ಜೊತೆ ವಾದವೇಕೆಂದು ಮಗ್ಗುಲಾದೆ.

ಹದಿನೈದು ದಿನಗಳ ಮೇಲೆ ಗ್ರಾಫ್ ಹಿಡಿದು ಮತ್ತೆ ದವಾಖಾನೆಗೆ ಹೋದೆ. ಡಾಕ್ಟರರು ನೋಡಿ ನೋಡಿ ನಕ್ಕರು. "ಲೆಕ್ಕ ಖರೇ ಐತ್ರಿ. ಆದ್ರ ಟ್ಯೂಬಿನ ಲೆಕ್ಕ. ರಬ್ಬರಿಗೆ ಜೀವ ಎಲ್ಲೈತಿ? ಹೃದಯ ಹಂಗಲ್ಲ, ಜಗ್ಗಿದಷ್ಟೂ ಜೋರಿಲೆ ತಾನ ತಿರುಗಿ ಜಗ್ಗತೈತಿ. ದುಡಿಸಿದ್ರ ಗಟ್ಟಿ ಆಗತೈತಿ, ಮಲಗಿಸಿದ್ರ ಸಡ್ಲ ಆಗತೈತಿ. ಅಲ್ರಿ, ಈಗ ಮನಿಗೆ ನೀರು ಯಾರು ತರತಾರ?"

ತಲೆ ತಗ್ಗಿಸಿದೆ. ನಿಜಕ್ಕೂ ನಾಚಿಕೆಯಾಯಿತು. ಜೀವಂತ ಹೃದಯವೊಂದು ಕಣ್ಣೆದುರೇ ದಿನಾ ಎಂಟು ಕೊಡ ಹೊತ್ತು ಏರು ಹತ್ತುತ್ತಿರುವಾಗ ನಾನು ತೊಲೆಯ ಟ್ಯೂಬ್ ಅಳೆಯುತ್ತ ಮಲಗಿದ್ದೆ.

ಮರುದಿನ ಕೊಡ ಹೊತ್ತೆ. ಅರ್ಧ ಏರಿಗೇ ಎದೆ ಹೊಡೆದುಕೊಳ್ಳತೊಡಗಿತು, ನಿಂತುಬಿಟ್ಟೆ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತ ನೀಲವ್ವ ನನ್ನನ್ನು ದಾಟಿ ಹೋಗಿ ತಿರುಗಿ ನೋಡಿದಳು.

"ಯಾಕ್ರಿ, ಎದಿ ಹೊಡಕೊಳ್ಳಾಕ ಹತ್ತೈತೇನು?"

"ಹೂಂ."

"ಹೊಡಕೊಳ್ಳಲಿ ಬಿಡ್ರಿ. ಅದು ನಿಂತ್ರ ಹೇಳ್ರಿ, ಕೊಡ ಇಸಗೋತೀನಿ."

ಎದೆ ನಿಂತ ಮೇಲೆ ಹೇಳುವುದು ಹೇಗೆ ಎಂದು ಕೇಳುವಷ್ಟು ಉಸಿರೂ ನನ್ನಲ್ಲಿ ಉಳಿದಿರಲಿಲ್ಲ.