ಬೈಯದ ಅವ್ವ

ಈ ಬರಹದ ಮೊದಲ ಸಾಲು ಬರೆಯುವಷ್ಟರಲ್ಲಿ ಮತ್ತೆ ನನ್ನ ಫೋನು ಬಡಕೊಂಡಿತು. ಅದನ್ನು ಮುಗಿಸಿ ಬಂದರೆ ಮಗಳು ಸೆರಗು ಹಿಡಿದು ನಿಂತಿದ್ದಳು. "ಅವ್ವಾ, ಒಂದ ಕತಿ ಹೇಳ." "ಸುಮ್ಮ ಕೂಡ ಬೇ, ಕೈ ತುಂಬ ಹಿಟ್ಟೈತಿ," ಎಂದೆ. ಆಗ ನನ್ನ ಕೈಯಲ್ಲಿದ್ದದ್ದು ಪೆನ್ನು. ಬಾಯಿ ರೂಢಿಯಂತೆ ಅದನ್ನೇ ಹೇಳಿತು.

ಚಿಕ್ಕೋಡಿಯಲ್ಲಿ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತೇನೆ. ಅಥಣಿ, ರಾಯಬಾಗ, ನಿಪ್ಪಾಣಿಯವರು ಫೋನಿನಲ್ಲಿ ಹೇಳಿ ತರಿಸಿಕೊಳ್ಳುತ್ತಾರೆ. ಫೋನು ಎತ್ತದಿದ್ದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಎತ್ತಿದರೆ ನನ್ನ ಮಾತು ಕೇಳಿ ಹೋಗುತ್ತಾರೆ. "ನಿನ್ನ ರೊಟ್ಟಿ ಮಂದೀನ ಕರಕೊಂಡ ಬರ್ತಾವ, ನಿನ್ನ ನಾಲಗಿ ಹೊಸ್ತಲಾ ದಾಟಿಸಿ ಕಳಸ್ತೈತಿ," ಎನ್ನುತ್ತಾನೆ ಗಂಡ. ಗಿರಾಕಿ ಹೋದರೆ ಮಗಳ ಶಾಲೆಯೂ ಕಷ್ಟವೇ.

ಅದಕ್ಕೆ ನನ್ನ ಮೈದುನ ಒಂದು ಉಪಾಯ ಮಾಡಿದ. ನನ್ನಿಂದ ಒಂದಿಷ್ಟು ಸಾಲು ಓದಿಸಿ, ನನ್ನದೇ ಧ್ವನಿಯಲ್ಲಿ ಮಾತಾಡುವ ಯಂತ್ರವನ್ನು ಅಂಗಡಿಯ ನಂಬರಿಗೆ ಜೋಡಿಸಿದ. ಅದೇ ಆರ್ಡರ್ ತಗೊಳ್ಳುತ್ತದೆ, ಅದೇ ಗಿರಾಕಿಗಳಿಗೆ ಫೋನು ಮಾಡಿ ಮಾಲು ಬೇಕೇ ಎಂದು ಕೇಳುತ್ತದೆ. ಅದರ ನೆನಪೆಲ್ಲ ಎಲ್ಲೋ ದೂರದ ಕ್ಲೌಡ್‌ನಲ್ಲಿ ಇರುತ್ತದಂತೆ. ಆವತ್ತಿನಿಂದ ಕೆಳಗಿನಂಥ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಬರವಿಲ್ಲ.

ಯಜಮಾನರ ಹೆಸರು

ಪಾರ್ಸಲ್ ಮೇಲೆ ಬರೆಯಲು ಯಂತ್ರ ಮನೆಯ ಯಜಮಾನರ ಹೆಸರು ಕೇಳುತ್ತದೆ. ನಮ್ಮ ಕಡೆ ಹಿರಿಯ ಹೆಂಗಸರು ಗಂಡನ ಹೆಸರು ಹೇಳುತ್ತಾರೆಯೇ?

ಕಾಗವಾಡದ ಅಜ್ಜಿಯೊಬ್ಬರು ಮೊದಲು "ನಮ್ಮ ಮನ್ಯಾವ್ರು" ಎಂದರು. "ಹೆಸರ ಹೇಳ್ರಿ," ಎಂದಿತು ಯಂತ್ರ. "ಹುಡುಗೂರ ಅಪ್ಪ" ಎಂದರು. "ಹೆಸರ ಹೇಳ್ರಿ." ಅಜ್ಜಿ ಸೋತು, ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಹಾಗೆ ಒಡಪು ಕಟ್ಟಿಯೇ ಬಿಟ್ಟರು: "ಬಿಸಿ ರೊಟ್ಟಿ ಮ್ಯಾಲ ಎಳ್ಳ ಉದುರಿಸಿ, ಇಂಥಾ ರಾಯರ ಹೆಸರ ಹೇಳ್ತೀನಿ ಹಿರ್ಯಾರಿಗೆ ನಮಸ್ಕರಿಸಿ." ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಯಂತ್ರ ಇಡೀ ಒಡಪನ್ನೇ ಹೆಸರೆಂದು ಚೀಟಿಯಲ್ಲಿ ಹಾಕಿತು. ಪಾರ್ಸಲ್ ಒಯ್ದ ಟೆಂಪೋದವನು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಓದಿದ. ಒಳಗಿಂದ ಅಜ್ಜ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಂದರಂತೆ. "ಮದವಿ ದಿನಾ ಒಮ್ಮಿ ಹೇಳಿದ್ದಳು ನೋಡಪಾ, ಆಮ್ಯಾಲ ಇವತ್ತ."

ಈಗ ಅವರ ಮನೆಯಿಂದ ವಾರವಾರ ಆರ್ಡರ್ ಬರುತ್ತದೆ. ರೊಟ್ಟಿ ಮನೆಯಲ್ಲಿ ಉಳಿದಿದ್ದರೂ ಚಿಂತೆಯಿಲ್ಲ, ಫೋನನ್ನು ಮಾತ್ರ ಅಜ್ಜಿಯೇ ಮಾಡಬೇಕೆಂದು ಅಜ್ಜನ ಹಟವಂತೆ.

ಚಟ್ನಿ ಮುಗಿದಿರಬೇಕಲ್ಲರಿ

ರಾಯಬಾಗದ ಒಂದು ಮನೆಗೆ ಯಂತ್ರ ತಾನಾಗಿಯೇ ಫೋನು ಮಾಡಿತು. ಎತ್ತಿದ್ದು ಅತ್ತೆ. "ಹ್ವಾದ ವಾರ ಎರಡ ಡಬ್ಬಿ ಚಟ್ನಿ ತಗೊಂಡಿದ್ರಿ, ಮುಗಿದಿರಬೇಕಲ್ಲರಿ. ಮತ್ತ ಕಳಸೂಣೇನ್ರಿ?"

ಮನೆಗೆ ಬಂದದ್ದು ಒಂದೇ ಡಬ್ಬಿ. ಇನ್ನೊಂದನ್ನು ಸೊಸೆ ಸದ್ದಿಲ್ಲದೆ ತವರಿಗೆ ಕಳಿಸಿದ್ದಳು. ಆ ಮನೆಯಲ್ಲಿ ಏನು ನಡೆದಿರಬೇಕೆಂದು ಸೊಸೆಯಾದವರಿಗೆಲ್ಲ ಗೊತ್ತು. ಅಳುತ್ತಾ ಫೋನು ಮಾಡಿ ನನ್ನನ್ನೇ ಕೇಳಿದಳು, "ಅಕ್ಕಾ, ನೀವರೆ ಹೆಣ್ಣಮಕ್ಕಳ ಅಲ್ಲೇನ್ರಿ?"

ನನಗೆ ತಲೆ ತಗ್ಗಿಸುವಂತಾಯಿತು. ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೂ ಯಾರ ಮನೆಗೆ ಏನು ಹೋಯಿತೆಂದು ಗೊತ್ತಿರುತ್ತದೆ. ಆದರೆ ಯಾರ ಮುಂದೆ ಮರೆಯಬೇಕೆಂಬುದೂ ಗೊತ್ತಿರುತ್ತದೆ. ಯಂತ್ರಕ್ಕೆ ಮರೆಯಲು ಯಾರೂ ಕಲಿಸಿಲ್ಲ.

ಹೀಗೆ ಯೋಚಿಸುತ್ತಿರುವಾಗಲೇ ಅದೇ ಮನೆಯ ಅತ್ತೆಯ ಫೋನು ಬಂತು. ಬೈಗುಳಕ್ಕೆ ತಯಾರಾಗಿ ನಿಂತೆ. ಆಕೆ ಪಿಸುಗುಟ್ಟಿದರು: "ಯವ್ವಾ, ನಾ ನನ್ನ ಮಗಳ ಮನಿಗೆ ತರಿಸಿದ್ದೂ ನಿಮ್ಮ ಯಂತ್ರಕ್ಕ ನೆನಪೈತೇನ?"

ಹೂಂ ಅಂದರೆ ಹೆಂಗ?

ನಿಪ್ಪಾಣಿಯ ಕಾಕಾ ಹಳೆಯ ಗಿರಾಕಿ. ಒಂದು ದಿನ ಆರ್ಡರ್ ರದ್ದು ಮಾಡಿದರು. ನಾನೇ ಫೋನು ಮಾಡಿ ಕೇಳಿದೆ.

"ತಾಯಿ, ರೇಟ್ ಕಡಿಮಿ ಮಾಡ್ರಿ ಅಂದೆ, ಅಂದ ಕೂಡ್ಲೆ ಹೂಂ ಅಂತು. ಇನ್ನಷ್ಟ ಅಂದೆ, ಅದಕ್ಕೂ ಹೂಂ ಅಂತು. ಹಂಗಾರ ಮಾಲ್ ಹಳೇದಿರಬೇಕ ಅಂತ ಬ್ಯಾಡಂದೆ."

"ಕಾಕಾ, ನಸುಕಿನ್ಯಾಗ ಎದ್ದ ಬಡದ ರೊಟ್ಟೀನ ಹಳೇವು ಅಂತೀರೇನ? ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ, ಒಂದ ಪೈಸಾ ಕಡಿಮಿ ಇಲ್ಲ!"

"ಹಾಂ! ಈಗ ಖಾತ್ರಿ ಆತ, ತಾಜಾ ಅದಾವ. ಕಳಸ್ರಿ."

ನನ್ನ ನಾಲಗೆಯಿಂದ ತಿರುಗಿ ಬಂದ ಮೊದಲ ಗಿರಾಕಿ ಎಂದು ಗಂಡನಿಗೆ ಹೇಳಿದೆ. ಅವನು ನಂಬಲಿಲ್ಲ.

ಬೇಕಾದ ಮಾಲು: ಕತೆ

ಏನೇ ಆದರೂ ಯಂತ್ರದಿಂದ ಗಿರಾಕಿ ಹೆಚ್ಚಾದದ್ದು ನಿಜ. ಅದು ಸಿಟ್ಟಾಗುವುದಿಲ್ಲ, ದಣಿಯುವುದಿಲ್ಲ. ನನ್ನ ಧ್ವನಿ ಅಷ್ಟು ಚಂದ ಇದೆಯೆಂದು ನನಗೂ ಗೊತ್ತಿರಲಿಲ್ಲ. ಇದನ್ನು ಇಟ್ಟುಕೊಳ್ಳುವುದೇ ಸರಿ ಎಂದು ನಿರ್ಧಾರ ಮಾಡಿದ್ದೆ.

ಮೊನ್ನೆ ಆರ್ಡರ್‌ಗಳನ್ನು ನೋಡುವಾಗ ಒಂದು ವಿಚಿತ್ರ ಕಂಡಿತು. ಬೇಕಾದ ಮಾಲು: ಕತೆ. ಅದರ ಕೆಳಗೆ ಅದೇ ನಂಬರಿನಿಂದ ಮತ್ತೊಂದು. ಬೇಕಾದ ಮಾಲು: ಇಲಿ ಕತೆ.

ಯಾವನೋ ಕೆಲಸವಿಲ್ಲದವನು ಆಟ ಆಡುತ್ತಿದ್ದಾನೆ, ಎರಡು ಮಾತು ಬಿಡೋಣವೆಂದು ಗಂಟಲು ಸರಿಮಾಡಿಕೊಂಡು ಆ ನಂಬರು ಒತ್ತಿದೆ. ಫೋನು ರಿಂಗಾದದ್ದು ನಮ್ಮ ಒಳಮನೆಯಲ್ಲೇ.

ಹೋಗಿ ನೋಡಿದರೆ ಹಾಸಿಗೆಗಳ ರಾಶಿಯ ಹಿಂದೆ ಮಗಳು, ಕೈಯಲ್ಲಿ ಅವಳ ಅಜ್ಜಿಯ, ಎಂದರೆ ನನ್ನ ಅತ್ತೆಯ ಫೋನು. ಅವಳಿಗೆ ಇನ್ನೂ ಓದಲು ಬರುವುದಿಲ್ಲ, ಆದರೆ ಅದರಲ್ಲಿ ನಮ್ಮ ಅಂಗಡಿಯ ನಂಬರಿಗೆ ರೊಟ್ಟಿಯ ಚಿತ್ರ ಇದೆ.

"ಇಲ್ಲೇನ ಮಾಡಾಕತ್ತಿ ಲೇ?"

"ಅವ್ವನ ಕೂಡ ಮಾತಾಡಾಕತ್ತಿದ್ದೆ."

"ಅವ್ವ ಅಡಗಿ ಮನ್ಯಾಗ ಇದ್ದೆನಲ್ಲ!"

"ನೀ ಅಲ್ಲ. ಫೋನಿನ್ಯಾಗಿನ ಅವ್ವ. 'ಹೇಳ್ರಿ, ನಾ ಕೇಳಾಕತ್ತೀನಿ' ಅಂತಾಳ. ನನಗ ರಿ ಹಚ್ಚಿ ಮಾತಾಡ್ತಾಳ."

ನನಗೆ ನಗು ಬಂತು. ಬಾಯಿಯವರೆಗೂ ಬಂದು ಅಲ್ಲೇ ನಿಂತಿತು. ಮಗಳು ಬಹಳ ಯೋಚಿಸಿದವಳ ಹಾಗೆ ನನ್ನ ಮುಖ ನೋಡಿದಳು. ಒಂದು ಉಪಾಯವನ್ನೂ ಹೇಳಿದಳು.

"ಅವ್ವಾ, ನೀ ಬೇಕಾದ್ರ ಫೋನಿನ ಒಳಗ ಹೋಗಿ ಆರ್ಡರ್ ತಗೋ. ಆಕಿ ಹೊರಗ ಯಾವಾಗ ಬರ್ತಾಳ?"